ಗಂಜಿ ತೆಗೆದ ರಗ್ಗು

ಅಶೋಕಪುರಂ, ಮೈಸೂರು
ಭಾನುವಾರ, 14 ಜುಲೈ 2024

ಮುದ್ದಿನ ವಾಣಿಗೆ,

ನಿನ್ನ ಅವ್ವನ ಆಶೀರ್ವಾದಗಳು. ಸಂಪಿಗೆ ಹುಷಾರಾಗಿದ್ದಾಳೆ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಅದೇ ಯೋಚನೆಯಲ್ಲಿ ಮುಂದಿನದನ್ನೆಲ್ಲ ಓಡಿಸಿಕೊಂಡು ಓದುತ್ತೀಯ. ಕೆಮ್ಮು ಪೂರ್ತಿ ನಿಂತಿದೆ. ಬೆನ್ನ ಮೇಲೆ ಉದುರಿದ್ದ ಕಡೆ ಹೊಸ ಕೂದಲು ಬರುತ್ತಿದೆ. ಇವತ್ತು ಬೆಳಿಗ್ಗೆ ಹುರುಳಿ ತಡವಾಯಿತೆಂದು ನಿಮ್ಮಪ್ಪನ ಅಂಗಿಯ ತೋಳು ಕಚ್ಚಿ ಎಳೆದಳು. ವಯಸ್ಸಾದ ಕುದುರೆಗೆ ಇಷ್ಟು ಸಿಟ್ಟು ಬಂತೆಂದರೆ ಆರೋಗ್ಯ ಸರಿಯಾಗಿದೆ ಎಂದೇ ಅರ್ಥವಂತೆ, ನಿಮ್ಮಪ್ಪ ಹರಿದ ತೋಳನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಿದ್ದಾರೆ. ಅವರೂ ಚೆನ್ನಾಗಿದ್ದಾರೆ. ಚೆನ್ನಾಗಿಲ್ಲದವಳು ನಾನೊಬ್ಬಳೇ, ಅದು ಡಾಕ್ಟರ ಹತ್ತಿರ ತೋರಿಸುವಂಥದ್ದಲ್ಲ.

ಅಶೋಕಪುರದಿಂದ ಅಗ್ರಹಾರಕ್ಕೆ ಎಷ್ಟು ಮಹಾ ದೂರ, ಇಷ್ಟಕ್ಕೂ ಕಾಗದ ಬರೆದಿದ್ದಾಳಲ್ಲ ಎಂದು ನೀನೂ ಅಳಿಯಂದಿರೂ ನಗುತ್ತಿರಬಹುದು. ನಗಿ. ಫೋನಿನಲ್ಲಿ ಹೇಳೋಣವೆಂದು ಪ್ರಯತ್ನ ಮಾಡಿ ನೋಡಿದೆ. ನೀನು ಊಟ ಆಯ್ತಾ ಎನ್ನುತ್ತೀಯ, ನಾನು ಏನು ಸಾರು ಎಂದು ಹೇಳುತ್ತೇನೆ, ಅಲ್ಲಿಗೆ ನನ್ನ ಧೈರ್ಯ ಮುಗಿದಿರುತ್ತದೆ. ಎದುರಿಗೇ ಬಂದರಂತೂ ನಿನ್ನ ಮುಖ ನೋಡಿ ಇನ್ನೊಂದು ಸುಳ್ಳು ಹೇಳಿ ಬಂದುಬಿಡುತ್ತೇನೆ. ಕಾಗದದಲ್ಲಾದರೆ ನನ್ನ ಮುಖ ನಿನಗೆ ಕಾಣಿಸುವುದಿಲ್ಲ. ನಿಂತುಕೊಂಡು ಓದಬೇಡ, ಕೂತುಕೋ.

ವಿಷಯ ಇದು. ಯುಗಾದಿಗೆ ನೀನು ಸಂಪಿಗೆಗೆಂದು ತಂದುಕೊಟ್ಟ ಆ ಮೊದಲನೇ ರಗ್ಗನ್ನು ನಾನು ಒಗೆದಿದ್ದೆ. ಬಿಸಿನೀರಿನಲ್ಲಿ ನೆನೆಹಾಕಿ, ಸೋಪಿನ ಪುಡಿ ಹಾಕಿ, ಹಿತ್ತಲ ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ಒಗೆದಿದ್ದೆ. ನೀನು ಕೇಳಿದಾಗ ಇಲ್ಲ ಎಂದೆ. ಅದರಲ್ಲಿ ನೀರು ಇಳಿದದ್ದು ನನ್ನಿಂದ, ನಿಮ್ಮ ಕಂಪನಿಯ ಯಾರಿಂದಲೂ ಅಲ್ಲ.

ಬರೆದಾಯಿತು. ಇಷ್ಟನ್ನು ಬರೆಯುವುದಕ್ಕೆ ಬೆಳಗಿನಿಂದ ಎದ್ದು ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದೆ. ಇನ್ನು ಹೇಗಾಯಿತೆಂದು ಹೇಳುತ್ತೇನೆ, ಕೇಳು.

ನನ್ನ ಮಗಳು ಕುದುರೆಗಳಿಗೆ ಹೊದಿಸುವ ರಗ್ಗು ತಯಾರಿಸುವ ಕಂಪನಿಯಲ್ಲಿ ದೂರಿನ ವಿಭಾಗ ನೋಡಿಕೊಳ್ಳುತ್ತಾಳೆ ಎಂದರೆ, ಕುದುರೆಗಳೂ ದೂರು ಕೊಡುತ್ತವಾ ಎಂದು ಪಕ್ಕದ ಮನೆ ಪುಟ್ಟತಾಯಮ್ಮ ಕೇಳಿದ್ದಳು. ಅವಳ ಬಾಯಿ ಮುಚ್ಚಿಸಬೇಕೆಂದೇ ಹಬ್ಬದ ದಿನ ನೀನು ಆ ದೊಡ್ಡ ಚೀಲ ಹಿಡಿದು ಬಂದಾಗ ಅವಳನ್ನೂ ಕರೆದೆ. ನಿಮ್ಮಪ್ಪ ರೈಡಿಂಗ್ ಶಾಲೆಯಲ್ಲಿ ಕುದುರೆ ನೋಡಿಕೊಳ್ಳುವ ಸೈಸನಾಗಿ ಕೆಲಸ ಮಾಡಿದಷ್ಟು ಕಾಲವೂ ಬೇರೆಯವರ ಕುದುರೆಗಳಿಗೆ ಒಳ್ಳೊಳ್ಳೆಯ ರಗ್ಗು ಹೊದಿಸಿದವರು. ವಯಸ್ಸಾಯಿತೆಂದು ಶಾಲೆಯವರು ಸಂಪಿಗೆಯನ್ನು ಅವರಿಗೇ ಕೊಟ್ಟಮೇಲೆ ಹಳೆ ಜಮಖಾನದಲ್ಲೇ ಕಾಲ ಹಾಕುತ್ತಿದ್ದರು. ನೀನು ಹಿತ್ತಲಲ್ಲಿ ಆ ರಗ್ಗನ್ನು ಬಿಚ್ಚಿ ಅವಳ ಮೈಮೇಲೆ ಹಾಕಿ, ಎದೆಯ ಬಕಲ್ ಹಾಕಿ, ಹೊಟ್ಟೆಯ ಕೆಳಗಿನ ಪಟ್ಟಿ ಬಿಗಿದಾಗ ನಿಮ್ಮಪ್ಪ ಒಂದು ಸುತ್ತು ಬಂದು ನೋಡಿದರು. ನಾನು ಮೂಲೆಗೆ ಅರಿಶಿನ ಹಚ್ಚಿ ಮತ್ತೆ ಹೋಳಿಗೆ ಬೇಯಿಸಲು ಒಳಗೆ ಓಡಿದೆ.

ಒಳಗಿನಿಂದ ನಿನ್ನ ಮಾತು ಅರ್ಧಂಬರ್ಧ ಕೇಳಿಸುತ್ತಿತ್ತು. ಒಂದು ವರ್ಷದ ವಾರಂಟಿ, ಅಷ್ಟರೊಳಗೆ ಒಂದು ಹನಿ ನೀರು ಒಳಗಿಳಿದರೂ ಕಂಪನಿ ಬೇರೆ ಕೊಡುತ್ತದೆ ಎಂದೆ. ಕುದುರೆ ಕಚ್ಚಿ ಹರಿದರೆ ಕೊಡುವುದಿಲ್ಲ, ಮುಳ್ಳುತಂತಿಗೆ ಸಿಕ್ಕಿ ಹರಿದರೆ ಕೊಡುವುದಿಲ್ಲ ಎಂದೆ. ಅಷ್ಟರಲ್ಲಿ ಹಂಚಿನ ಮೇಲೆ ಹೋಳಿಗೆ ಸೀದ ವಾಸನೆ ಬಂತು. ಸೋಪು ತಾಗಿಸಬಾರದು, ತಣ್ಣೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಒರೆಸಬೇಕು ಎಂಬ ಮಾತು ಆಗಲೇ ಬಂದಿರಬೇಕು. ನಾನು ಕೇಳಿಸಿಕೊಳ್ಳಲಿಲ್ಲ. ನಿಮ್ಮಪ್ಪ ಕೇಳಿಸಿಕೊಂಡಿದ್ದರು, ಆದರೆ ಒಗೆಯುವ ಕೆಲಸ ಅವರದಲ್ಲವಲ್ಲ.

ಹಬ್ಬವಾದ ಮೇಲೆ ನಂಜನಗೂಡಿನಲ್ಲಿ ಒಂದು ಮದುವೆಗೆ, ಗಂಡಿನ ಮೆರವಣಿಗೆಗೆಂದು, ನಿಮ್ಮಪ್ಪ ಸಂಪಿಗೆಯನ್ನು ಕರೆದುಕೊಂಡು ಹೋದರು. ಬಿಸಿಲು ಕಾಲ, ಹೊಸದು ಸುಮ್ಮನೆ ಕೊಳೆಯಾಗುತ್ತದೆಂದು ರಗ್ಗನ್ನು ಮನೆಯಲ್ಲೇ ಬಿಟ್ಟರು. ನಾನು ಕೈಗೆತ್ತಿಕೊಂಡು ನೋಡಿದೆ. ತಗಡಿನ ಹಾಗೆ ಬಿರುಸು. ಮಡಿಸಿದರೆ ಗರಗರ ಎನ್ನುತ್ತದೆ. ಒಳಮೈಗೆ ಏನೋ ಮೇಣದಂಥದ್ದು ಸವರಿದ್ದಾರೆ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದೇ ನಿನ್ನನ್ನು ಓದಿಸಿದವಳು ನಾನು. ಎಷ್ಟೋ ಹೊಸ ಥಾನುಗಳ ಗಂಜಿ ತೆಗೆದಿದ್ದೇನೆ, ಇಷ್ಟು ಗಂಜಿಯನ್ನು ಎಲ್ಲೂ ಕಂಡಿರಲಿಲ್ಲ. ಹೊಸ ಬಟ್ಟೆಯನ್ನು ಒಂದು ನೀರು ಕಾಣಿಸದೆ ಮೈಗೆ ಹಾಕಬಾರದು ಎಂದು ನನಗೆ ನಮ್ಮವ್ವ ಕಲಿಸಿದ್ದಳು. ನಿನ್ನ ಕುಲಾವಿಯಿಂದ ಹಿಡಿದು ಸ್ಕೂಲಿನ ಯೂನಿಫಾರಂವರೆಗೆ, ನಿನ್ನ ಮದುವೆಯ ಹಾಸಿಗೆ ಹೊದಿಕೆಯವರೆಗೆ, ಎಲ್ಲದಕ್ಕೂ ಗಂಜಿ ತೆಗೆದೇ ಕೊಟ್ಟಿದ್ದೇನೆ. ಈ ಬಿರುಸು ಬಟ್ಟೆ ಆ ಮುದುಕಿಯ ಭುಜ ಉಜ್ಜಿ ಹುಣ್ಣು ಮಾಡದೆ ಬಿಡುತ್ತದೆಯೇ ಎಂದು ನನಗೆ ಸಂಕಟವಾಯಿತು.

ಒಳಗೆ ಒಂದು ಚೀಟಿ ಹೊಲಿದಿತ್ತು, ಅದನ್ನೂ ನೋಡಿದೆ. ಪೂರ್ತಿ ಇಂಗ್ಲಿಷು. ಕೆಳಗೆ ಪುಟ್ಟ ಪುಟ್ಟ ಚಿತ್ರ. ಒಂದರಲ್ಲಿ ಬಕೆಟ್ಟು, ಅದರ ಮೇಲೆ ಅಡ್ಡಡ್ಡ ಗೀಟು. ಇಷ್ಟು ದೊಡ್ಡ ರಗ್ಗು ಬಕೆಟ್ಟಿನಲ್ಲಿ ಹಿಡಿಸುವುದಿಲ್ಲ ಎಂದು ಹೇಳುತ್ತಿದ್ದಾರೆ ಅಂದುಕೊಂಡೆ. ಅದಕ್ಕೇ ಹಂಡೆ ತಂದೆ. ನಗಬೇಡ ಎಂದು ಹೇಳುವ ಯೋಗ್ಯತೆ ನನಗಿಲ್ಲ, ಆದರೆ ನಾನು ನಿಜವಾಗಿಯೂ ಹಾಗೇ ತಿಳಿದೆ.

ಕುಕ್ಕುವಾಗ ಬೆಳ್ಳಗೆ ನೀರು ಇಳಿಯಿತು. ಅಬ್ಬಾ, ಎಷ್ಟು ಗಂಜಿ ಎಂದುಕೊಂಡು ಇನ್ನೂ ನಾಲ್ಕು ಏಟು ಹೆಚ್ಚಿಗೆ ಹಾಕಿದೆ. ನಿಮ್ಮ ಕಂಪನಿಯವರು ವರ್ಷಕ್ಕೆಂದು ಕೊಟ್ಟ ವಾರಂಟಿಯೆಲ್ಲ ನನ್ನ ಕಣ್ಣೆದುರೇ ಬಚ್ಚಲಿಗೆ ಹರಿದು ಹೋಗುತ್ತಿತ್ತು, ನಾನು ಬೀಗುತ್ತಿದ್ದೆ. ಹೊಲಿಗೆಯ ಮೇಲೆ ಒಳಗಡೆ ಅಂಟಿಸಿದ್ದ ಪಟ್ಟಿಯೊಂದು ಸ್ವಲ್ಪ ಎದ್ದಿತು, ಅದನ್ನು ಕೈಯಲ್ಲೇ ಒತ್ತಿ ಕೂರಿಸಿದೆ. ಮೂಲೆಯ ಅರಿಶಿನ ಸೋಪಿಗೆ ಕೆಂಪಾಗಿ, ಬಿಸಿಲಿಗೆ ಹಾಕಿದ ಮೇಲೆ ಕಂದು ಕಲೆಯಾಗಿ ಉಳಿಯಿತು. ರಗ್ಗು ಮಾತ್ರ ಹಳೆ ಸೀರೆಯಷ್ಟು ಮೆತ್ತಗಾಗಿತ್ತು. ನಿಮ್ಮಪ್ಪ ಬಂದು ಮುಟ್ಟಿ ನೋಡಿ, ‘ಬಿಸ್ಲಿಗೆ ಆಕಿದ್ಯಾ? ಮೆತ್ತಗಾಗದೆ’ ಎಂದರು. ಹ್ಞೂಂ ಎಂದೆ. ಬಿಸಿಲಿಗೆ ಹಾಕಿದ್ದೂ ನಿಜವೇ ತಾನೆ.

ಮೇ ತಿಂಗಳ ಆ ಇನ್ನೊಂದು ಮದುವೆಯ ಕಥೆ ನಿನಗೆ ಗೊತ್ತು. ಛತ್ರದ ಮುಂದೆ ಮಳೆ ಹುಯ್ಯುತ್ತಿದೆ, ಗಂಡಿನ ಕಡೆಯವರ ಬಸ್ಸು ಬಂದಿಲ್ಲ, ವಾದ್ಯದವರೆಲ್ಲ ಸೂರಿನ ಕೆಳಗೆ ಓಡಿದ್ದಾರೆ. ನಿಮ್ಮಪ್ಪ ಒಬ್ಬರೇ ಧೈರ್ಯವಾಗಿ ನಿಂತಿದ್ದರಂತೆ, ಮಗಳು ಕೊಟ್ಟ ರಗ್ಗು ಇದೆಯಲ್ಲ ಎಂದು. ನಿಂತವರಿಗೆಲ್ಲ ಅದರ ಗುಣಗಾನವನ್ನೂ ಮಾಡಿದರಂತೆ. ಮನೆಗೆ ಬಂದು ತೆಗೆದರೆ ಬೆನ್ನಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒದ್ದೆ ರಗ್ಗು ಅಷ್ಟು ಹೊತ್ತು ಮೈಗೆ ಅಂಟಿಕೊಂಡು ಸಂಪಿಗೆ ನಡುಗುತ್ತಿದ್ದಳು. ಆಮೇಲೆ ಕೆಮ್ಮು, ಬೆನ್ನ ಮೇಲೆ ಹೆಕ್ಕಳಿಕೆ, ಕೂದಲು ಉದುರಿದ್ದು, ಡಾಕ್ಟರು ಬಂದು ಹೋದದ್ದು. ಅವಳು ಮೇವು ಮುಟ್ಟದೆ ನಿಂತಾಗ ನಿಮ್ಮಪ್ಪನೂ ತಟ್ಟೆ ಮುಟ್ಟುತ್ತಿರಲಿಲ್ಲ. ಆಗಲೂ ನನಗೆ ಅದು ಒಗೆದದ್ದರಿಂದ ಆಯಿತು ಎಂದು ಹೊಳೆದಿರಲಿಲ್ಲ. ನಿಮ್ಮ ಕಂಪನಿಯನ್ನೇ ಬೈದುಕೊಂಡೆ. ಇದನ್ನು ನೀನು ನಂಬಬೇಕು, ಈ ಕಾಗದದಲ್ಲಿ ನನ್ನ ಪರವಾಗಿ ಇರುವ ಮಾತು ಇದೊಂದೇ.

ನನಗೆ ತಿಳಿದದ್ದು ನೀನು ಬಂದು ಕೇಳಿದ ದಿನ. ಅಳಿಯಂದಿರೂ ಜೊತೆಗಿದ್ದರು. ನೀನು ರಗ್ಗನ್ನು ಜಗಲಿಯ ಮೇಲೆ ಹರಡಿ, ಒಳಹೊರಗು ನೋಡಿ, ಆಫೀಸಿನಲ್ಲಿ ಬೇರೆಯವರನ್ನು ಕೇಳುವ ಹಾಗೇ ಕೇಳಿದೆ. ಇದಕ್ಕೆ ಸೋಪು ಹಾಕಿದ್ರಾ, ಬಿಸಿನೀರು ಹಾಕಿದ್ರಾ, ಹಾಗೇನಾದರೂ ಮಾಡಿದ್ದರೆ ನೀರು ತಡೆಯುವ ಲೇಪ ಹೋಗಿಬಿಡುತ್ತದೆ, ವಾರಂಟಿಯೂ ಹೋಗುತ್ತದೆ ಎಂದೆ. ನಿಮ್ಮಪ್ಪ ಸೋಪು ಯಾಕವ್ವ ಹಾಕ್ತೀವಿ ಎಂದರು. ಅವರಿಗೆ ಗೊತ್ತಿದ್ದದ್ದೇ ಅಷ್ಟು. ನೀನು ನನ್ನ ಕಡೆ ತಿರುಗಿದೆ.

ಆ ಬೆಳ್ಳನೆಯ ನೀರು ಗಂಜಿಯಲ್ಲ ಎಂದು ಆ ಕ್ಷಣಕ್ಕೆ ಗೊತ್ತಾಯಿತು. ಹೇಳಬಹುದಿತ್ತು. ನೀನು ಒಂದು ಸಲ ಹಣೆ ಚಚ್ಚಿಕೊಳ್ಳುತ್ತಿದ್ದೆ, ಅಳಿಯಂದಿರು ಮುಸಿಮುಸಿ ನಗುತ್ತಿದ್ದರು, ಮಧ್ಯಾಹ್ನದೊಳಗೆ ಮುಗಿದು ಹೋಗುತ್ತಿತ್ತು. ಆದರೆ ಒಗೆಯುವುದೊಂದನ್ನು ಬಿಟ್ಟರೆ ನನಗೆ ಬರುವುದೇನು ಹೇಳು. ಬೀರಮ್ಮ ಒಗೆದಳೆಂದರೆ ಆಯಿತು ಎಂದು ಆಸ್ಪತ್ರೆಯ ದೊಡ್ಡ ನರ್ಸು ಹೇಳುತ್ತಿದ್ದ ಮಾತನ್ನು ನಾನು ಅಳಿಯಂದಿರಿಗೆ ಎಷ್ಟು ಸಲ ಹೇಳಿಲ್ಲ. ಅವರ ಮುಂದೆಯೇ ನಾನು ಒಗೆದು ಕೆಡಿಸಿದೆ, ಒಗೆದು ಕುದುರೆಗೆ ಕಾಯಿಲೆ ತಂದೆ ಎಂದು ಹೇಳಲು ಬಾಯಿ ಬರಲಿಲ್ಲ. ‘ಇಲ್ಲ ಕಣವ್ವ, ನೀರೇ ಸೋಕ್ಸಿಲ್ಲ’ ಎಂದುಬಿಟ್ಟೆ. ನೀನು ಆ ಮೂಲೆಯ ಕಲೆಯನ್ನು ಹಿಡಿದು ಇದೇನು ಎಂದೆ. ಕುಂಕುಮ ಚೆಲ್ಲಿತ್ತು ಎಂದೆ. ನೀನು ನಂಬಿದೆ. ರಗ್ಗು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಅಲ್ಲಿಗಾದರೂ ನಿಂತಿದ್ದರೆ ನನ್ನ ನಾಚಿಕೆ ನನ್ನೊಬ್ಬಳಲ್ಲೇ ಇರುತ್ತಿತ್ತು. ನೀನು ಆಫೀಸಿನಲ್ಲಿ ಜಗಳವಾಡಿದೆ. ಒಗೆದ ಹಾಗೆ ಕಾಣುತ್ತದಲ್ಲ ಎಂದು ನಿಮ್ಮ ಮ್ಯಾನೇಜರು ಮೃತ್ಯುಂಜಯ ಸಾಹೇಬರು ಅನುಮಾನಪಟ್ಟಾಗ, ನಮ್ಮವ್ವ ಸುಳ್ಳು ಹೇಳುವವಳಲ್ಲ ಸಾರ್ ಎಂದೆಯಂತೆ. ಅದನ್ನು ನೀನೇ ಫೋನಿನಲ್ಲಿ ಹೇಳಿದೆ. ನಿಮ್ಮಪ್ಪ ಸ್ಪೀಕರ್ ಹಾಕಿ ಪುಟ್ಟತಾಯಮ್ಮನಿಗೂ ಕೇಳಿಸಿದರು. ನಾನು ಒಗ್ಗರಣೆಗೆ ಇಟ್ಟ ಎಣ್ಣೆ ಹೊಗೆಯಾಡುವವರೆಗೂ ಸಾಸಿವೆ ಹಾಕದೆ ನಿಂತಿದ್ದೆ. ಆಮೇಲೆ ಹೊಸ ರಗ್ಗು ಬಂತು. ಅದಕ್ಕೆ ನಾನು ಅರಿಶಿನ ಹಚ್ಚಲಿಲ್ಲ, ಯಾಕೆಂದು ನಿಮ್ಮಪ್ಪ ಕೇಳಿದರೆ ಅರಿಶಿನ ಮುಗಿದಿದೆ ಎಂದೆ.

ತಪ್ಪು ಹೊಲಿಗೆಯಲ್ಲಿ ನೀರು ಇಳಿಯದ ಹಾಗೆ ಅಂಟಿಸುವ ಪಟ್ಟಿಯದು, ಅಂಟಿಸಿದವರ ಕೈ ಸರಿಯಿಲ್ಲ ಎಂದು ಆಫೀಸಿನಲ್ಲಿ ತೀರ್ಮಾನವಾಯಿತು ಎಂಬುದು ನನಗೆ ಗೊತ್ತಿರಲಿಲ್ಲ. ಅಂಟಿಸಿದವರೊಬ್ಬರಿದ್ದಾರೆ, ಅವರಿಗೊಂದು ಹೆಸರಿದೆ ಎಂಬ ಯೋಚನೆಯೇ ಬಂದಿರಲಿಲ್ಲ. ನೀನೂ ನನಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ.

ಬುಧವಾರ ಸಂಜೆ ಒಬ್ಬ ಹೆಂಗಸು ಬಾಗಿಲಿಗೆ ಬಂದರು. ನನಗಿಂತ ಸ್ವಲ್ಪ ಚಿಕ್ಕವರು. ಕೈಯಲ್ಲಿ ಒಂದು ಕಟ್ಟು ಹಸಿ ಹುಲ್ಲು, ಸೆರಗಿನಲ್ಲಿ ನಾಲ್ಕು ಕ್ಯಾರೆಟ್ಟು. ‘ಅಕ್ಕ, ನಾನು ಪುಟ್ಟಲಿಂಗಮ್ಮ ಅಂತ. ನಿಮ್ ಕುದ್ರೆ ರಗ್ಗಿಗೆ ಪಟ್ಟಿ ಅಂಟ್ಸಿದ್ದು ನಾನೇ ಕಣಕ್ಕ. ಅದ್ಕೆ ಉಸಾರಿಲ್ಲ ಅಂದ್ರು, ಮನ್ಸು ತಡೀನಿಲ್ಲ, ನೋಡ್ಕೊಂಡ್ ಓಗವ ಅಂತ ಬಂದೆ’ ಎಂದರು.

ಜಗಳಕ್ಕೆ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ವಾಣಿ. ನಾನೂ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಜಗಳವಾಡುತ್ತಿದ್ದೆ. ಆಕೆ ಕ್ಷಮೆ ಕೇಳಲು ಬಂದಿದ್ದರು. ಉದಯಗಿರಿಯಿಂದ ಎರಡು ಬಸ್ಸು ಬದಲಾಯಿಸಿ, ಕೆಲಸ ಮುಗಿಸಿ ದಣಿದು, ನನ್ನ ಹತ್ತಿರ ಕ್ಷಮೆ ಕೇಳಲು ಬಂದಿದ್ದರು.

ಕರೆದುಕೊಂಡು ಹೋಗಿ ಸಂಪಿಗೆಯನ್ನು ತೋರಿಸಿದೆ. ಕುದುರೆಗೆ ಹೊದಿಸುವುದನ್ನೇ ಇಷ್ಟು ಕಾಲದಿಂದ ಮಾಡುತ್ತಿದ್ದರೂ ಕುದುರೆಯ ಇಷ್ಟು ಹತ್ತಿರ ಎಂದೂ ನಿಂತಿರಲಿಲ್ಲವಂತೆ. ಹೆದರುತ್ತಲೇ ಕೈ ಚಾಚಿ ಬೆನ್ನು ಮುಟ್ಟಿದರು. ಕೂದಲು ಉದುರಿದ್ದ ಜಾಗದ ಮೇಲೆ ಅಂಗೈ ಇಟ್ಟುಕೊಂಡು ನಿಂತರು. ಆಮೇಲೆ ತಾವಾಗಿಯೇ ಹೇಳತೊಡಗಿದರು. ಆ ರಗ್ಗು ತಯಾರಾದ ದಿನ ಯಾವುದೆಂದು ಆಫೀಸಿನವರು ಹುಡುಕಿ ಹೇಳಿದ್ದಾರಂತೆ. ‘ಅವತ್ತು ನಮ್ಮಕ್ಕನ್ ಮಗ್ಳು ಸಿಂಚನಂಗೆ ಎರಿಗೆ ನೋವು ಕಣಕ್ಕ. ಕೈ ಮಿಷನ್ ಮೇಲಿತ್ತು, ಗ್ಯಾನ ಆಸ್ಪತ್ರೇಲಿತ್ತು. ಪಟ್ಟಿ ಅಂಟ್ಸೋ ಕಾವು ಕಮ್ಮಿ ಮಡಗ್ಬುಟ್ಟಿದ್ನೇನೋ’ ಎಂದರು. ಮಾಡದ ತಪ್ಪನ್ನು ತಮ್ಮೊಳಗೆ ಹುಡುಕಿ ಹುಡುಕಿ ಕೊನೆಗೆ ಅದಕ್ಕೊಂದು ಕಾರಣವನ್ನೂ ಕಂಡುಕೊಂಡಿದ್ದರು. ಮಗು ಹುಟ್ಟಿದ ದಿನವನ್ನು ನೆನೆಸಿಕೊಂಡರೆ ಈಗ ಸಂತೋಷವೇ ಆಗುವುದಿಲ್ಲವಂತೆ.

ಅವರನ್ನು ಮಿಷನ್ನಿನಿಂದ ಎಬ್ಬಿಸಿ ದಾರದ ತುದಿ ಕತ್ತರಿಸಲು ಕೂರಿಸಿದ್ದಾರೆ. ಅವರು ಅಂಟಿಸಿದ ರಗ್ಗುಗಳನ್ನೆಲ್ಲ ಹೊರಗೆ ತೆಗೆದು, ಅಂಗಳದಲ್ಲಿ ಹಗ್ಗಕ್ಕೆ ಹಾಕಿ, ಪೈಪಿನಲ್ಲಿ ನೀರು ಬಿಟ್ಟು ನೋಡುತ್ತಿದ್ದಾರೆ. ಅವರೇ ಕೆಲಸ ಕಲಿಸಿದ ಹುಡುಗಿಯರು ಕಿಟಕಿಯಿಂದ ನೋಡುತ್ತಿರುತ್ತಾರೆ. ಇದುವರೆಗೆ ಒಂದರಲ್ಲೂ ನೀರು ಇಳಿದಿಲ್ಲವಂತೆ, ಆದರೂ ಇವರಿಗೆ ತಮ್ಮ ಕೈಯ ಮೇಲೆ ನಂಬಿಕೆ ಬರುತ್ತಿಲ್ಲ. ಸೋಮವಾರ ಮೃತ್ಯುಂಜಯ ಸಾಹೇಬರು ಕರೆದಿದ್ದಾರೆ, ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಅವತ್ತು ಗೊತ್ತಾಗುತ್ತದೆ ಎಂದರು. ಹೇಳುವಾಗ ನಿನ್ನ ಹೆಸರೂ ಬಂತು. ‘ನಿಮ್ ಮಗ್ಳು ಒಳ್ಳೇವ್ರು, ನನ್ನ ಏನೂ ಅನ್ನಿಲ್ಲ, ದಿನಾ ಎದ್ರಿಗೆ ಬಂದ್ರೆ ತಲೆ ತಗ್ಗಿಸ್ಕೊಂಡ್ ಓಯ್ತರೆ’ ಎಂದರು.

ಈಗ ನಾನು ಬರೆಯುವುದನ್ನು ಓದಿ ನೀನು ನನ್ನ ಮೇಲೆ ಸಿಟ್ಟಾಗು, ಮಾತು ಬಿಡು, ಏನಾದರೂ ಮಾಡು. ನಾನು ಒಳಗೆ ಹೋಗಿ ಕಾಫಿ ಮಾಡಿ ತಂದೆ. ಲೋಟವನ್ನು ಕೈಗೆ ಕೊಟ್ಟು, ಅವರ ಕೈಯ ಮೇಲೆ ನನ್ನ ಕೈ ಇಟ್ಟು, ‘ಓಗ್ಲಿ ಬುಡವ್ವ, ಕೈ ತಪ್ಪೋದು ಯಾರಿಗಿಲ್ಲ’ ಎಂದೆ. ನಾನು ಅವರನ್ನು ಕ್ಷಮಿಸಿದೆ ವಾಣಿ. ಅವರು ಕಣ್ಣೊರೆಸಿಕೊಂಡು, ನಿಮ್ಮ ಬಾಯಲ್ಲಿ ಈ ಮಾತು ಬಂತಲ್ಲ, ಇವತ್ತಾದರೂ ಊಟ ಸೇರುತ್ತದೆ ಎಂದರು. ನಾನು ಕುಂಕುಮ ಕೊಟ್ಟು ಬಾಗಿಲವರೆಗೂ ಹೋಗಿ ಕಳಿಸಿಕೊಟ್ಟೆ.

ಅವತ್ತಿನಿಂದ ನನಗೆ ನನ್ನ ಕೈ ಕಂಡರೆ ಆಗುತ್ತಿಲ್ಲ. ಶುಕ್ರವಾರ ಹೇಗಾದರೂ ಹೇಳಿಬಿಡಬೇಕೆಂದು ಹೊರಟೆ. ಆಷಾಢ ಶುಕ್ರವಾರ, ಊರೆಲ್ಲ ಬೆಟ್ಟದ ಕಡೆ ಹೊರಟಿತ್ತು, ನಾನೊಬ್ಬಳು ಉದಯಗಿರಿಗೆ. ಕೇಳಿಕೊಂಡು ಕೇಳಿಕೊಂಡು ಅವರ ಬೀದಿಯನ್ನೂ ಹಿಡಿದೆ. ಬಾಗಿಲು ತೆರೆದಿತ್ತು. ಕೆಲಸದಿಂದ ಆಗತಾನೆ ಬಂದಿದ್ದರೇನೋ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದರು. ಸಿಂಚನಳ ಮಗುವೇ ಇರಬೇಕು. ಅದು ಕಾಲು ಒದರಿ ಕಿರುಚಿದಾಗ ಅವರು ಗಟ್ಟಿಯಾಗಿ ನಕ್ಕರು. ನಾನು ಎದುರಿನ ಅಂಗಡಿಯಲ್ಲಿ ಬೇಡದ ಊದುಬತ್ತಿ ಕೊಂಡುಕೊಂಡು ವಾಪಸು ಬಂದೆ. ನಗುತ್ತಿದ್ದಾರಲ್ಲ, ಯಾಕೆ ಕೆಡಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ, ಕಾಲು ಬರಲಿಲ್ಲ ಅಷ್ಟೇ.

ನಿನ್ನೆ ನಿಮ್ಮಪ್ಪನಿಗೆ ಹೇಳಿದೆ. ‘ಕುದ್ರೆ ರಗ್ಗಿಗೂ ಗಂಜಿ ತೆಗ್ದ್ಯಲ್ಲಮ್ಮಿ’ ಎಂದು ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಬಕೆಟ್ಟಿನ ಚಿತ್ರದ ವಿಷಯ ಹೇಳಿದಾಗಲಂತೂ ಕಣ್ಣಲ್ಲಿ ನೀರು ಬಂತು. ಆಮೇಲೆ ಪುಟ್ಟಲಿಂಗಮ್ಮನ ವಿಷಯ ಹೇಳಿದೆ. ನಗು ನಿಂತುಹೋಯಿತು. ಎದ್ದು ಹೋಗಿ ಸಂಪಿಗೆಯ ಮೈಮೇಲಿದ್ದ ಹೊಸ ರಗ್ಗನ್ನು ಬಿಚ್ಚಿ, ಒರೆಸಿ, ಮಡಿಸಿ ತಂದು ನನ್ನ ಪಕ್ಕದಲ್ಲಿಟ್ಟರು. ಬೇಕಾದರೆ ನಾನೇ ಹೋಗಿ ಸಾಹೇಬರಿಗೆ ಹೇಳಲಾ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ, ಕೇಳಲಿಲ್ಲ. ‘ನೀನೇ ಏಳ್ಬೇಕು. ನಾನೇಳಿದ್ರೆ ಬರೀ ಸುದ್ದಿ ಆಯ್ತದೆ’ ಎಂದರು. ಬೆಳಿಗ್ಗೆ ಪೇಪರು ಪೆನ್ನು ಅವರೇ ತಂದುಕೊಟ್ಟರು.

ಈಗ ನಿನ್ನಿಂದ ಆಗಬೇಕಾದದ್ದು. ನಾಳೆ ಸೋಮವಾರ, ಅದಕ್ಕೇ ಈ ಕಾಗದವನ್ನು ಇವತ್ತೇ ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಪುಟ್ಟಲಿಂಗಮ್ಮನನ್ನು ಕರೆಯುವುದಕ್ಕೆ ಮೊದಲು ನೀನು ಸಾಹೇಬರ ಹತ್ತಿರ ಹೋಗು. ನಮ್ಮವ್ವ ರಗ್ಗನ್ನು ಸೋಪು ಹಾಕಿ ಒಗೆದಿದ್ದಳು, ನನ್ನ ಹತ್ತಿರ ಸುಳ್ಳು ಹೇಳಿದಳು, ನಾನು ಮೋಸ ಹೋದೆ ಎನ್ನು. ನಾನೂ ಬಂದು ಗೇಟಿನ ಹತ್ತಿರ ನಿಂತಿರುತ್ತೇನೆ, ಕರೆದರೆ ಒಳಗೆ ಬಂದು ಎಲ್ಲರ ಮುಂದೆ ಹೇಳುತ್ತೇನೆ. ನಂಬದಿದ್ದರೆ ಒಂದು ಹಂಡೆ, ಒಂದು ಕಲ್ಲು ಕೊಡಲಿ, ಬೇರೆ ರಗ್ಗಿನ ಮೇಲೆ ಒಗೆದು ತೋರಿಸುತ್ತೇನೆ, ಪಟ್ಟಿ ಎಲ್ಲಿ ಏಳುತ್ತದೆ ನೋಡಿಕೊಳ್ಳಲಿ. ಹೊಸ ರಗ್ಗನ್ನು ನಿಮ್ಮಪ್ಪ ಹೊತ್ತು ತರುತ್ತಾರೆ. ಒಂದು ಕೆಲಸ ಮಾತ್ರ ಮರೆಯಬೇಡ. ತಪ್ಪು ಪುಟ್ಟಲಿಂಗಮ್ಮನದಲ್ಲ ಎಂಬುದನ್ನು ಸಾಹೇಬರು ತಮ್ಮ ರೂಮಿನಲ್ಲಿ ಹೇಳಿ ಮುಗಿಸಬಾರದು. ನೀರು ಬಿಟ್ಟು ನೋಡಿದ ಆ ಅಂಗಳದಲ್ಲೇ, ಆ ಹುಡುಗಿಯರ ಮುಂದೆಯೇ ಹೇಳಬೇಕು.

ನಿನಗೆ ಇದರಿಂದ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಊರಿನವರ ದೂರನ್ನೆಲ್ಲ ‘ರಗ್ಗು ಒಗೆದಿದ್ದೀರಿ, ಬೇರೆ ಕೊಡಲಾಗುವುದಿಲ್ಲ’ ಎಂದು ವಾಪಸು ಕಳಿಸಿ, ಸ್ವಂತ ಅವ್ವನದನ್ನು ಮಾತ್ರ ನಂಬಿದಳು ಎಂದು ನಗುತ್ತಾರೆ. ದೂರಿನ ವಿಭಾಗದಿಂದಲೇ ಎತ್ತಿ ಹಾಕಿದರೂ ಹಾಕಬಹುದು. ನೀನು ಆ ಕುರ್ಚಿಗೆ ಬರಲು ಎಷ್ಟು ಕಷ್ಟಪಟ್ಟೆ ಎಂದು ನೋಡಿದವಳು ನಾನು. ಹೆತ್ತ ಮಗಳ ತಲೆ ತಗ್ಗಿಸುವ ಕೆಲಸವನ್ನು ಮಗಳ ಕೈಯಲ್ಲೇ ಮಾಡಿಸುತ್ತಿದ್ದೇನೆ. ಬೇರೆ ದಾರಿ ಕಾಣಲಿಲ್ಲ. ಅಳಿಯಂದಿರಿಗೂ ಈ ಕಾಗದ ಓದಲು ಕೊಡು, ಅವರ ಮುಂದೆ ಚಿಕ್ಕವಳಾಗಬಾರದೆಂದೇ ಅಲ್ಲವೇ ಇಷ್ಟೆಲ್ಲ ಆದದ್ದು.

ನೀನು ಬಂದು ನನ್ನನ್ನು ಬೈದು ಹೋದರೆ ಒಳ್ಳೆಯದು. ಬರದಿದ್ದರೂ ನಾಳೆ ಗೇಟಿನ ಹತ್ತಿರ ಇರುತ್ತೇನೆ.

ನಿನ್ನ ಅವ್ವ,
ಬೀರಮ್ಮ

ಮತ್ತೊಂದು ಮಾತು:

ಮೇಲಿನದನ್ನು ಬರೆದು ಮಡಿಸುತ್ತಿದ್ದಾಗ ಪುಟ್ಟಲಿಂಗಮ್ಮನೇ ಬಂದರು. ಇವತ್ತು ರಜ, ಕುದುರೆಯನ್ನು ಇನ್ನೊಮ್ಮೆ ನೋಡಿ ಹೋಗೋಣವೆಂದು ಬಂದರಂತೆ. ಬಾಯಲ್ಲಿ ಹೇಳಲಾಗದೆ ಕಾಗದವನ್ನೇ ಅವರ ಕೈಗೆ ಕೊಟ್ಟೆ. ಜಗಲಿಯ ಮೇಲೆ ಕೂತು ನಿಧಾನವಾಗಿ ಪೂರ್ತಿ ಓದಿದರು. ಬೈಯಲಿಲ್ಲ. ‘ಅಂಗಾರೆ ನನ್ ಕೈ ತಪ್ಪಿರ್ನಿಲ್ವ ಅಕ್ಕ’ ಎಂದರು. ಇಲ್ಲ ಎಂದೆ. ಮತ್ತೆ ಅದನ್ನೇ ಕೇಳಿದರು, ಮತ್ತೆ ಹೇಳಿದೆ. ಆಮೇಲೆ ಕಾಗದವನ್ನು ಮಡಿಸುತ್ತಾ, ‘ನಿಮ್ ಮಗ್ಳಿಗೆ ಗೊತ್ತಿತ್ತಾ?’ ಎಂದರು. ಅದಕ್ಕೂ ಇಲ್ಲ ಎಂದೆ.

ನಾನೇ ಕೊಟ್ಟು ಹೋಗುತ್ತೇನೆ ಎಂದು ಕಾಗದವನ್ನು ಅವರೇ ತರುತ್ತಿದ್ದಾರೆ. ಲಕೋಟೆ ಹುಡುಕುವ ನೆವದಲ್ಲಿ ಒಳಗೆ ಬಂದು ಈ ಸಾಲುಗಳನ್ನು ಬರೆಯುತ್ತಿದ್ದೇನೆ, ಇದನ್ನು ಅವರು ಓದಿಲ್ಲ. ವಾಣಿ, ನೀನು ನನ್ನ ಮಗಳು, ಸೋಪು ತಾಗಿದ ಅರಿಶಿನದ ಕಲೆ ಹೇಗಿರುತ್ತದೆಂದು ಬಲ್ಲವಳು, ನಿನಗೆ ಅವತ್ತೇ ಗೊತ್ತಾಯಿತು. ಗೊತ್ತಿದ್ದೂ ನನಗಾಗಿ ಸುಳ್ಳು ಹೇಳಿದಳಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಎಲ್ಲಕ್ಕಿಂತ ಹೆಚ್ಚು ನಾಚಿಕೆ ನನಗೆ ಅದರದ್ದೇ. ನೀನು ಇದನ್ನು ಓದುವಾಗ ಅವರು ನಿನ್ನ ಬಾಗಿಲಲ್ಲಿ ನಿಂತಿರುತ್ತಾರೆ. ಒಳಗೆ ಕರೆದು ಕೂರಿಸು. ತಲೆ ತಗ್ಗಿಸದೆ ಅವರ ಮುಖ ನೋಡು. ನಿನ್ನ ಬಗ್ಗೆ ಅವರು ಕೇಳಿದಾಗ ನಾನು ಇಲ್ಲ ಎಂದದ್ದನ್ನು ನೀನೇ ತಿದ್ದು.